ತಟ್ಟೆ, ತಮಟೆ ಮತ್ತು ದಿಲ್ಲಿಯ ಕಿವಿ

ಎಂಟೆಕ್‌ನಲ್ಲಿ ನಾವು ಕಲಿತದ್ದು ಗದ್ದಲವನ್ನು ಸೋಸಿ ತೆಗೆದು ಸಂದೇಶ ಉಳಿಸಿಕೊಳ್ಳುವುದನ್ನು. ದಿಲ್ಲಿಯ ಪ್ರತಿಭಟನೆಗಳಿಗೆ ಈ ಪಾಠ ಹೊಂದುವುದಿಲ್ಲ. ಇಲ್ಲಿ ಎಷ್ಟೋ ಸಲ ಗದ್ದಲವೇ ಸಂದೇಶ.

1929ರ ಏಪ್ರಿಲ್ 8ರಂದು ಭಗತ್ ಸಿಂಗ್, ಬಟುಕೇಶ್ವರ ದತ್ತ ಇಲ್ಲಿನ ಕೇಂದ್ರ ಶಾಸನಸಭೆಯಲ್ಲಿ ಬಾಂಬು ಎಸೆದರು. ಕಿವುಡರಿಗೆ ಕೇಳಿಸಲು ದೊಡ್ಡ ಸದ್ದೇ ಬೇಕೆಂಬುದು ಅವರ ಕರಪತ್ರದ ವಾದ. ಆಳುವವರು ಕೇಳಿಸಿಕೊಳ್ಳಲೇಬೇಕು ಎಂಬ ಹಟ ಅದರಲ್ಲಿತ್ತು.

2020ರ ತಟ್ಟೆಯ ಕಥೆ ಬೇರೆ. ಮಾರ್ಚ್ 22ರ ಸಂಜೆ 5ಕ್ಕೆ ಪ್ರಧಾನಿಯ ಕರೆಯಂತೆ ನೋಯ್ಡಾ, ಗುರುಗ್ರಾಮದ ಬಾಲ್ಕನಿಗಳಲ್ಲಿ ತಟ್ಟೆ, ಜಾಗಟೆ ಮೊಳಗಿದವು. ವೈದ್ಯರು, ದಾದಿಯರಿಗೆ ಅದು ಕೃತಜ್ಞತೆ. ಡಿಸೆಂಬರ್ 27ರಂದು ಸಿಂಘು, ಗಾಜಿಪುರ ಗಡಿಗಳಲ್ಲಿ ರೈತರು ತಟ್ಟೆಯನ್ನೇ ಬಾರಿಸಿದರು, ‘ಮನ್ ಕಿ ಬಾತ್’ ಪ್ರಸಾರದ ಹೊತ್ತಿಗೆ ಸರಿಯಾಗಿ. ಅವರು ಕೇಳಿರೆಂದು ಬೇಡಲಿಲ್ಲ, ನಿಮ್ಮ ಮಾತು ನಾವು ಕೇಳೆವು ಎಂದರು. ಸರ್ಕಾರ ಕಲಿಸಿದ ಸದ್ದನ್ನೇ ಸರ್ಕಾರಕ್ಕೆ ತಿರುಗಿಸಿದ ಈ ಜಾಣ್ಮೆ ಎಷ್ಟೋ ಭಾಷಣಗಳಿಗಿಂತ ಹರಿತವಾಗಿತ್ತು. ಚಿಲಿಯಲ್ಲೂ 1971ರಲ್ಲಿ ಅಯೆಂದೆ ವಿರುದ್ಧ ಬಡಿದ ಖಾಲಿ ಪಾತ್ರೆಗಳೇ 1983ರಲ್ಲಿ ಪಿನೊಚೆ ವಿರುದ್ಧ ಸದ್ದು ಮಾಡಿದವು.

ಕಾನೂನಿಗೆ ಇಂಥ ವ್ಯತ್ಯಾಸ ಸುಲಭಕ್ಕೆ ಕೇಳಿಸದು. 2017ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಜಂತರ್ ಮಂತರ್‌ನಲ್ಲಿ ಧರಣಿಗಳನ್ನೇ ನಿಷೇಧಿಸಿತು. ಶಬ್ದಮಾಲಿನ್ಯ ಅದಕ್ಕೊಂದು ಮುಖ್ಯ ಕಾರಣ. ಮರುವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್ ಪೂರ್ಣ ನಿಷೇಧ ಸಲ್ಲದು ಎಂದಿತು. ಅಲ್ಲಿನ ನಿವಾಸಿಗಳ ನಿದ್ದೆಗೂ ಬೆಲೆಯಿದೆ, ಒಪ್ಪುತ್ತೇನೆ. ಆದರೆ ಚಳಿಗಾಲದ ನಡುರಾತ್ರಿ ಮದುವೆ ದಿಬ್ಬಣದ ಡೋಲು, ಡಿಜೆ ಸಹಿಸುವ ಊರಿದು! ಡೆಸಿಬೆಲ್ ಲೆಕ್ಕ ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂಬುದೂ ರಾಜಕೀಯವೇ.

ನಮ್ಮ ಕಡೆಯ ತಮಟೆ ಚಳವಳಿಗಳಿಗೂ ಇದೇ ಪ್ರಶ್ನೆ ಹಾಕಬೇಕು. ಸಾವಿಗೆ, ಜಾತ್ರೆಗೆ, ಊರ ಡಂಗುರಕ್ಕೆ ತಮಟೆ ಬಾರಿಸುವುದು ದಲಿತರ ಮೇಲೆ ಹೇರಿದ ಬಿಟ್ಟಿ ಚಾಕರಿಯಾಗಿತ್ತು. ದಲಿತ ಚಳವಳಿ ಆ ವಾದ್ಯವನ್ನೇ ಹೋರಾಟದ ಹಾಡಿನ ಜೊತೆಗೆ ತಂದಿತು. ಈಗ ನೀರು, ರಸ್ತೆ, ಗಡಿ ಯಾವ ವಿಷಯಕ್ಕಾದರೂ ತಮಟೆ ಬೇಕು. ಎಷ್ಟೋ ಕಡೆ ಮೈಕು ಮುಖಂಡರದು, ತಮಟೆ ಕೂಲಿಗೆ ಬಂದವರದು. ಸಿಂಘುವಿನಲ್ಲಿ ತಟ್ಟೆ ಬಾರಿಸಿದವರು ಬೇಡಿಕೆಯಿಟ್ಟ ರೈತರೇ. ಊರಿನ ತಮಟೆ ಪ್ರತಿಭಟನೆಯ ವಿಡಿಯೊ ವಾಟ್ಸಾಪಿಗೆ ಬಂದಾಗ ನಾನು ಮೊದಲು ಹುಡುಕುವುದು, ಬಾರಿಸುತ್ತಿರುವವರ ಬೇಡಿಕೆ ಏನಾದರೂ ಆ ಮನವಿಪತ್ರದಲ್ಲಿ ಇದೆಯೇ ಎಂದು.