ಒಳ್ಳೆಯ ಬದುಕೂ ಆಮಿಷವೇ?

ಕವಿತೆ ಓದುವ ಹಾಗೆ ಕಾಯ್ದೆಯನ್ನೂ ಓದಬೇಕು. ನಮ್ಮ ಕೇರಿಯವರ ಹಣೆಬರಹ ಬರೆಯುವವನು ಈಗ ಬ್ರಹ್ಮನಲ್ಲ, ಗೆಜೆಟ್ಟು. ಬಾಡದ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ಸರ್ಕಾರದ ಕಾಗದ ಬಂದರೆ ಅವ್ವ ನನ್ನ ಕೈಗಿಟ್ಟು, 'ಎಂತ ಬರೆದಿದ್ರೋ ಮಗಾ ಇದ್ರಲ್ಲಿ?' ಅಂತಾಳೆ. ಅವಳಿಗೆ ಓದಿ ಹೇಳಲು ನನಗೆ ನಾಚಿಕೆಯಾದ ಒಂದು ಪಠ್ಯದ ಬಗ್ಗೆ ಈ ಮಾತು.

ಅದು 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ. ಹೆಸರಿನಲ್ಲಿ ಸ್ವಾತಂತ್ರ್ಯವಿದೆ. ಒಳಗೆ ನೋಡಿದರೆ, ಮತ ಬದಲಿಸುವವನು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಬರೆದುಕೊಡಬೇಕು. ಬಿಟ್ಟುಬಂದ ಮತಕ್ಕೆ ವಾಪಸ್ಸು ಹೋದರೆ ಮಾತ್ರ ಅದು ಮತಾಂತರವೇ ಅಲ್ಲವಂತೆ. ಹೋಗುವ ಬಾಗಿಲಿಗೆ ಬೀಗ, ಬರುವ ಬಾಗಿಲಿಗೆ ತೋರಣ!

'ಆಮಿಷ' ಎಂಬ ಪದಕ್ಕೆ ಈ ಪಠ್ಯ ಕೊಡುವ ಅರ್ಥ ನೋಡಿ: ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಒಳ್ಳೆಯ ಶಾಲೆಯಲ್ಲಿ ಪುಕ್ಕಟೆ ಓದು, ಉತ್ತಮ ಜೀವನಶೈಲಿ. ಸಾವಿರಾರು ವರ್ಷ ನಮಗೆ ಇಲ್ಲ ಎಂದದ್ದರ ಪಟ್ಟಿ ಇದೇ ಅಲ್ಲವಾ? ಕೊಡದವನು ಧರ್ಮರಕ್ಷಕ, ಕೊಟ್ಟವನು ಅಪರಾಧಿ. ಮತಾಂತರ ಹೊಂದಿದವರು ಅಪ್ರಾಪ್ತರು, ಬುದ್ಧಿ ಸರಿಯಿಲ್ಲದವರು, ಹೆಂಗಸರು, ಪರಿಶಿಷ್ಟರು ಆಗಿದ್ದರೆ ಶಿಕ್ಷೆ 10 ವರ್ಷದವರೆಗೆ ಏರುತ್ತದೆ. ನಮ್ಮನ್ನು ಕಾಯುವುದಕ್ಕಂತೆ! ಎದುರು ಮನೆಯ ಮೇಲ್ಜಾತಿ ಗಂಡಸಿಗೆ ಇರುವ ವಿವೇಕ ನನ್ನ ಅವ್ವನಿಗಿಲ್ಲ ಎಂಬುದು ಇದರ ತಾತ್ಪರ್ಯ. ಒಂದು ಧರ್ಮವನ್ನು ಇನ್ನೊಂದರೆದುರು ಹೊಗಳುವುದೂ ಆಮಿಷವೇ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಹಿಂದೂ ಧರ್ಮ ತೊರೆದು ಪ್ರತಿಜ್ಞೆ ಮಾಡಿಸಿದ ಬಾಬಾಸಾಹೇಬರನ್ನು ಈ ಕಾಯ್ದೆ ಏನು ಮಾಡುತ್ತಿತ್ತು?

ಈ ಪಠ್ಯಕ್ಕೊಬ್ಬ ಖಳನಾಯಕ ಬೇಕು. ಅವನೇ 'ಕ್ರೈಸ್ತ'. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಪ್ರಾರ್ಥನಾ ಮಂದಿರಗಳಿಗೆ ನುಗ್ಗಿದವರ ಬಾಯಲ್ಲೂ ಮತಾಂತರದ ಮಾತೇ ಇತ್ತು. ಮೊದಲು ಕಲ್ಲು, ಆಮೇಲೆ ಕಾನೂನು. ಸಮುದ್ರದಾಚೆ ಇದೇ ಹೆಸರು ಬೇಲಿಯ ಒಳಗಿದೆ. ಹಂಗೇರಿಯಲ್ಲಿ ಓರ್ಬಾನ್ ಸರ್ಕಾರ 2018ರಲ್ಲಿ ಸಂವಿಧಾನ ತಿದ್ದಿ, ಕ್ರೈಸ್ತ ಸಂಸ್ಕೃತಿಯ ರಕ್ಷಣೆ ಪ್ರಭುತ್ವದ ಕರ್ತವ್ಯ ಎಂದು ಬರೆಸಿತು. ನಿರಾಶ್ರಿತರನ್ನು ಗಡಿಯಲ್ಲಿ ತಡೆದವರೂ ಅವರೇ. ಅಲ್ಲಿ ಶಿಲುಬೆ ಬೇಲಿಗೂಟ, ಇಲ್ಲಿ ಬೆದರುಗೊಂಬೆ. ಎರಡೂ ಕಡೆ ಏಸುವಿನ ಮಾತು ಯಾರಿಗೂ ಬೇಡ.

2023ರ ಜೂನಿನಲ್ಲಿ ಹೊಸ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡಲು ತೀರ್ಮಾನಿಸಿತು. ಆದರೆ ತೀರ್ಮಾನ ಮಾಡಿದ ಮಾತ್ರಕ್ಕೆ ಮನಸ್ಸಿನೊಳಗಿನ ಪಠ್ಯ ಅಳಿಯುವುದಿಲ್ಲ. 2025ರ ಸೆಪ್ಟೆಂಬರಿನ ಜಾತಿ ಸಮೀಕ್ಷೆಯ ಪಟ್ಟಿಯಲ್ಲಿ 'ಮಾದಿಗ ಕ್ರಿಶ್ಚಿಯನ್' ಎಂಬಂಥ ಹೆಸರು ಕಂಡದ್ದೇ ಭಾಜಪ ಬೊಬ್ಬೆ ಹೊಡೆಯಿತು. ಕ್ರೈಸ್ತರಲ್ಲಿ ಜಾತಿ ಎಲ್ಲಿದೆ ಎಂದರು. ಹಿಂದುಳಿದ ವರ್ಗಗಳ ಆಯೋಗ ಅಂಥ 33 ಹೆಸರುಗಳನ್ನು ಆ್ಯಪಿನಲ್ಲಿ ಮರೆಮಾಡಿತು. ಜಾತಿ ಇಲ್ಲವಾ? ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರಲ್ಲೇ 'ಬಾಮಣ' ಮನೆತನ ಹೇಳಿಕೊಳ್ಳುವವರಿದ್ದಾರೆ. ಬ್ರಾಹ್ಮಣ್ಯ ದೋಣಿ ಹತ್ತಿ ಇಗರ್ಜಿಗೂ ಹೋಗಿದೆ. ಇದನ್ನು ಇಗರ್ಜಿಯವರೂ ಒಪ್ಪಿಕೊಳ್ಳಬೇಕು.

ಎಲ್ಲದರ ಬೇರು 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪ್ಯಾರಾದಲ್ಲಿದೆ. ಹಿಂದೂ ಆಗಿದ್ದರೆ ಮಾತ್ರ ಪರಿಶಿಷ್ಟ ಜಾತಿ ಎಂದಿತು ಅದು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ ಉಳಿದರು. ಪರಿಶಿಷ್ಟ ಪಂಗಡಕ್ಕೆ ಇಂಥ ಷರತ್ತಿಲ್ಲ. ನಮ್ಮದೇ ಜಿಲ್ಲೆಯ ಹಳಿಯಾಳ, ಯಲ್ಲಾಪುರದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. 2003ರಲ್ಲಿ ಅವರು ಪಂಗಡದ ಪಟ್ಟಿಗೆ ಸೇರಿದಾಗ ದೇವರು ಯಾರು ಎಂಬುದು ಅಡ್ಡ ಬರಲಿಲ್ಲ. ಈಗ ಅದಕ್ಕೂ ಕಣ್ಣು ಬಿದ್ದಿದೆ. ಮತಾಂತರವಾದ ಆದಿವಾಸಿಗಳನ್ನು ಪಟ್ಟಿಯಿಂದ ಕಿತ್ತುಹಾಕಿ ಎಂದು ಸಂಘ ಪರಿವಾರದ ಜನಜಾತಿ ಸುರಕ್ಷಾ ಮಂಚ್ ಒತ್ತಾಯಿಸುತ್ತಿದೆ.

ನಮ್ಮ ಕಡೆಯ ಚಿಕ್ಕಮ್ಮ ಒಬ್ಬಳು ಭಾನುವಾರ ಗುಟ್ಟಾಗಿ ಪ್ರಾರ್ಥನೆಗೆ ಹೋಗ್ತಾಳೆ. ಫಾರಮ್ಮಿನಲ್ಲಿ 'ಹಿಂದೂ' ಅಂತ ಬರೆಸ್ತಾಳೆ. ಮಗನ ಸ್ಕಾಲರ್‌ಶಿಪ್ಪು ಉಳೀಬೇಕಲ್ಲ. ಅವಳಿಗೆ ಆಮಿಷ ಒಡ್ಡುತ್ತಿರುವವರು ಯಾರು? ಪಾದ್ರಿಯೋ, ಹಿಂದೂ ಆಗಿದ್ದರಷ್ಟೇ ಕೊಡುತ್ತೇನೆ ಎನ್ನುವ ಪ್ರಭುತ್ವವೋ? ನಮ್ಮ ಹಕ್ಕನ್ನೇ ಗಾಳದ ತುದಿಗೆ ಸಿಕ್ಕಿಸಿ ನಮ್ಮನ್ನು ಧರ್ಮದೊಳಗೆ ಹಿಡಿದಿಟ್ಟಿದ್ದಾರೆ.

ಗೆಳೆಯರೇ, ಇದು ಕ್ರೈಸ್ತರ ಜಗಳ, ನಮಗ್ಯಾಕೆ ಎನ್ನಬೇಡಿ. ನಾನು ಯಾವ ದೇವರಿಗೂ ಕೈಮುಗಿಯುವವನಲ್ಲ. ಆದರೆ ಚಿಕ್ಕಮ್ಮ ತನ್ನ ದೇವರ ಹೆಸರನ್ನು ಗಟ್ಟಿಯಾಗಿ ಹೇಳಿಯೂ ತನ್ನ ಜಾತಿಯ ನೋವಿಗೆ ಲೆಕ್ಕ ಕೇಳುವಂತಾಗಬೇಕು. ಅಲ್ಲಿಯವರೆಗೆ ಈ ಪಠ್ಯಗಳನ್ನು ಕೇರಿ ಕೇರಿಯಲ್ಲಿ ಓದಿ ಹೇಳುವುದೇ ನಮ್ಮ ವಿಮರ್ಶೆ.