ದಾಸ್ಯದಿಂದ ಸಖ್ಯಕ್ಕೆ: ಕೊಂಗುನಾಡಿಗೆ ಬಂದ ಒಂದು ಪ್ರಾರ್ಥನಾಕ್ರಮ

ದೇವರೊಡನೆ ಸಖ್ಯವೆಂಬುದು ಕೊಂಗುನಾಡಿಗೆ ಕ್ರೈಸ್ತಧರ್ಮವು ಮೊತ್ತಮೊದಲು ತಂದ ಮಾತಲ್ಲ. ಕೊಯಮತ್ತೂರಿನಿಂದ ಅವಿನಾಶಿಗೆ ಹೋಗುವ ಹೆದ್ದಾರಿಯಲ್ಲಿ ಕರುಮತ್ತಂಪಟ್ಟಿಯ ಜಪಮಾಲೆ ಮಾತೆಯ ದೇವಾಲಯವನ್ನು ದಾಟಿ ಮುಂದೆ ಸಾಗಿದವನಿಗೆ ಮೊದಲು ಅವಿನಾಶಿಯ ಶಿವಾಲಯವೂ, ಅದರಾಚೆಗೆ ತಿರುಮುರುಗನ್‌ಪೂಂಡಿಯೂ ಎದುರಾಗುತ್ತವೆ. ಹರಿಹರನ ರಗಳೆಯ ಮೂಲಕ ನಂಬಿಯಣ್ಣನೆಂದು ಕನ್ನಡಿಗರಿಗೆ ಪರಿಚಿತನಾದ ಸುಂದರಮೂರ್ತಿಯ ಕಥೆಗಳು ಈ ಎರಡು ಕ್ಷೇತ್ರಗಳಲ್ಲಿ ಇಂದಿಗೂ ಜೀವಂತವಾಗಿವೆ. ಚೇರರಾಜನಿಂದ ತಂದ ಹೊನ್ನನ್ನು ಬೇಡರ ವೇಷದ ಶಿವಗಣಗಳು ಸುಲಿದುಕೊಂಡಾಗ ಆತನು ಗುಡಿಯ ಮುಂದೆ ನಿಂತು ಶಿವನನ್ನೇ ನಿಂದಿಸಿ ಕಳೆದುದನ್ನು ಮರಳಿ ಪಡೆದನೆಂದು ಪೂಂಡಿಯ ಐತಿಹ್ಯ. ಮದುವೆಯ ಚಪ್ಪರದಲ್ಲಿ ಓಲೆಯನ್ನು ತೋರಿಸಿ ಇವನು ನನ್ನ ಆಳೆಂದು ವಾದಿಸಿ ಗೆದ್ದ ದೇವರೇ ಅನಂತರ ಅವನ ಗೆಳೆಯನಾದನು. ಆಳುತನವನ್ನು ಹರಿದೊಗೆಯದೆ, ಅದರ ಮೇಲೆಯೇ ಸಖ್ಯವು ಬೆಳೆಯಿತು.

ಇಂತಹ ನೆಲಕ್ಕೆ ಸಖ್ಯವನ್ನು ಮತ್ತೊಂದು ದಾರಿಯಿಂದ ಸಾಧಿಸುವ ಜನರು ಬಂದದ್ದು ಹದಿನೇಳನೆಯ ಶತಮಾನದಲ್ಲಿ. ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯು 1648ರ ಸುಮಾರಿಗೆ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ತಳಹದಿ ಹಾಕಿ, ಕನ್ನಡವನ್ನು ಕಲಿತು, ಆ ಭಾಷೆಯಲ್ಲಿಯೇ ಧರ್ಮೋಪದೇಶವನ್ನು ಬರೆದನು. ಕೊಂಗುನಾಡು ಮೈಸೂರರಸರ ಕೈಗೆ ಬರುತ್ತಿದ್ದಂತೆ ಆ ಮಿಷನ್ನಿನ ಗುರುಗಳ ಸಂಚಾರವೂ ಈ ಕಡೆಗೆ ಹಬ್ಬಿತು. ಆ ಸಭೆಗೆ ಸೇರಿದ ಪ್ರತಿಯೊಬ್ಬನೂ ಪಳಗಿ ಬಂದ ಗರಡಿಯೆಂದರೆ ಸಂತ ಇಗ್ನೇಷಿಯಸ್ ಲೊಯೋಲನ ಆಧ್ಯಾತ್ಮಿಕ ಸಾಧನೆಯ ಗ್ರಂಥ. 1548ರಲ್ಲಿ ಪೋಪ್ ಮೂರನೆಯ ಪೌಲರ ಸಮ್ಮತಿಯನ್ನು ಪಡೆದ, ನಾಲ್ಕು ವಾರಗಳ ಅನುಷ್ಠಾನವಾಗಿ ವಿಂಗಡವಾದ ಪುಟ್ಟ ಕೃತಿ. ಅದರ ಧ್ಯಾನಗಳ ಕೊನೆಯಲ್ಲಿ ಸಾಧಕನು ಮಾಡತಕ್ಕ ಸಂಭಾಷಣೆಯೇ ಇಲ್ಲಿ ನನ್ನ ವಿಚಾರವಸ್ತು. ಸ್ನೇಹಿತನು ಸ್ನೇಹಿತನೊಡನೆ ಆಡುವಂತೆ, ಇಲ್ಲವೆ ಸೇವಕನು ಒಡೆಯನೊಡನೆ ಆಡುವಂತೆ ಮಾತನಾಡಬೇಕೆಂದೂ, ಕೃಪೆಯನ್ನು ಬೇಡುವುದು, ತಪ್ಪನ್ನು ಒಪ್ಪಿಕೊಳ್ಳುವುದು, ತನ್ನ ವ್ಯವಹಾರವನ್ನು ತಿಳಿಸಿ ಸಲಹೆ ಕೇಳುವುದು ಇವೆಲ್ಲವೂ ಅದರಲ್ಲಿ ಸಲ್ಲುವುದೆಂದೂ ಗ್ರಂಥವು ವಿಧಿಸುತ್ತದೆ.

ಸ್ನೇಹಿತನೋ ಸೇವಕನೋ ಎಂಬ ಈ ವಿಕಲ್ಪವನ್ನು ಕಂಡು, ಗ್ರಂಥಕಾರನು ನಿಶ್ಚಯಕ್ಕೆ ಬರಲಾರದೆ ಎರಡನ್ನೂ ಉಳಿಸಿಕೊಂಡನೆಂದು ಆಕ್ಷೇಪಿಸುವವರು ಇರಬಹುದು. ನನಗಾದರೋ ಗ್ರಂಥದ ಅತ್ಯಂತ ಪ್ರೌಢವಾದ ವಿವೇಕವು ಅಲ್ಲಿಯೇ ತೋರುತ್ತದೆ. ದೇವರಿಗೂ ಮನುಷ್ಯನಿಗೂ ಇರುವ ಅಂತರವು ಅಳತೆಗೆ ಮೀರಿದುದಾದ್ದರಿಂದ ಅವರ ನಡುವೆ ಸ್ನೇಹವು ನಿಲ್ಲಲಾರದೆಂದು ಅರಿಸ್ಟಾಟಲನು ತರ್ಕಿಸಿದ್ದನು. ದೇವರು ತನ್ನ ಆನಂದದಲ್ಲಿಯೇ ಮನುಷ್ಯನಿಗೆ ಪಾಲು ಕೊಡುವುದರಿಂದ ಆ ಪಾಲಿನ ಮೇಲೆ ಸ್ನೇಹವು ನಿಲ್ಲುವುದೆಂದು ಹದಿಮೂರನೆಯ ಶತಮಾನದಲ್ಲಿ ಅಕ್ವಿನಾಸನು ಅದಕ್ಕೆ ಉತ್ತರವಿತ್ತನು. ಈ ಉತ್ತರದಲ್ಲಿ ಅಂತರವು ಅಳಿಯುವುದಿಲ್ಲ. ಆದರೆ ಅದನ್ನು ದಾಟಿ ಬರುವವನು ದೇವರೇ. ವಿಶ್ವರೂಪವನ್ನು ಕಂಡ ಅರ್ಜುನನು ತಾನು ಸಖನೆಂದು ಸಲಿಗೆಯಿಂದ ಕರೆದುದಕ್ಕೆ ಕ್ಷಮೆ ಬೇಡುತ್ತಾನಲ್ಲವೆ? ಯೊವಾನ್ನನ ಶುಭಸಂದೇಶದಲ್ಲಿ ಹೆಜ್ಜೆಯು ವಿಪರೀತ ದಿಕ್ಕಿನಿಂದ ಬರುತ್ತದೆ: ಶಿಷ್ಯರ ಕಾಲನ್ನು ತೊಳೆದ ಗುರುವು ಅದೇ ರಾತ್ರಿ, ಇನ್ನು ನಿಮ್ಮನ್ನು ಸೇವಕರೆಂದು ಕರೆಯುವುದಿಲ್ಲ, ತಂದೆಯಿಂದ ಕೇಳಿದುದನ್ನೆಲ್ಲ ನಿಮಗೆ ತಿಳಿಸಿದುದರಿಂದ ನೀವು ಸ್ನೇಹಿತರು ಎಂಬ ಅರ್ಥದ ಮಾತನ್ನು ತಾನಾಗಿಯೇ ನುಡಿಯುತ್ತಾನೆ. ಒಡೆಯನ ಮನೋಗತವನ್ನು ಅರಿಯುವ ಅಧಿಕಾರವೇ ಇಲ್ಲಿ ಸಖ್ಯದ ಲಕ್ಷಣ. ಸಲಿಗೆಯು ಅದರ ಫಲವಾಗಿ ಬಂದರೆ ಬರಬಹುದು.

ಈ ಲಕ್ಷಣವನ್ನು ಒರೆಗಲ್ಲಾಗಿಟ್ಟುಕೊಂಡು ನೋಡಿದರೆ, ಇಂದು ಯೇಸುವನ್ನು ಗೆಳೆಯನೆಂದು ಸಂಬೋಧಿಸುವ ಅನೇಕ ಹಾಡುಗಳಲ್ಲಿಯೂ ಪ್ರಾರ್ಥನೆಗಳಲ್ಲಿಯೂ ಒಂದು ಕೊರತೆ ಕಾಣುತ್ತದೆ. ನನ್ನ ದುಃಖವನ್ನು ನೀನು ಬಲ್ಲೆ, ನನ್ನ ಕೈಯನ್ನು ನೀನು ಬಿಡೆ ಎಂದು ಅವು ಹೇಳುತ್ತವೆ; ಹೇಳಲಿ, ಅದು ಸತ್ಯವೇ. ಆದರೆ ಆ ಗೆಳೆಯನ ಮನಸ್ಸಿನಲ್ಲಿ ಏನಿದೆ, ಅವನ ದುಃಖವೇನು ಎಂಬ ಪ್ರಶ್ನೆಗೆ ಅವು ಕಿವಿಗೊಡುವುದು ವಿರಳ. ಕರುಮತ್ತಂಪಟ್ಟಿಯಲ್ಲಿ ರೈತರೂ ನೇಕಾರರೂ ಹಿಡಿದುಕೊಂಡು ಬಂದ ಜಪಮಾಲೆಯನ್ನು ಕೇವಲ ಬೇಡಿಕೆಯ ಭಕ್ತಿಯೆಂದು ಕಡೆಗಣಿಸುವ ವಿದ್ಯಾವಂತರನ್ನು ನಾನು ಒಪ್ಪಲಾರೆ. ಬೇಡುವುದು ಸಖ್ಯಕ್ಕೆ ಕುಂದಲ್ಲ. ನಂಬಿಯಣ್ಣನು ಹೊನ್ನನ್ನು ಬೇಡಲಿಲ್ಲವೆ? ಅಲ್ಲದೆ ಜಪಮಾಲೆಯ ಪ್ರತಿಯೊಂದು ದಶಕಕ್ಕೂ ಕ್ರಿಸ್ತನ ಅಥವಾ ಮಾತೆಯ ಬದುಕಿನ ಒಂದು ರಹಸ್ಯವು ಧ್ಯಾನವಸ್ತುವಾಗಿದೆ. ಹದಿನೈದಾಗಿದ್ದ ಅವು 2002ರಲ್ಲಿ ಇಪ್ಪತ್ತಾದುವು. ಮಣಿಯನ್ನು ಎಣಿಸುತ್ತ ರಹಸ್ಯವನ್ನು ಮನಸ್ಸಿಗೆ ತಂದುಕೊಳ್ಳುವ ಅಜ್ಜಿಯು, ಪುಸ್ತಕದ ಹೆಸರನ್ನೇ ಕೇಳದಿದ್ದರೂ, ಇಗ್ನೇಷಿಯಸನ ಕ್ರಮಕ್ಕೆ ಬಹು ಸಮೀಪದಲ್ಲಿ ಇರುತ್ತಾಳೆ.

ಸಾಧನೆಯ ಗ್ರಂಥದಲ್ಲಿಯೂ ಒಂದು ನ್ಯೂನತೆಯುಂಟು. ಅದು ಏಕಾಂತದ ಅನುಷ್ಠಾನ. ನನ್ನ ಗೆಳೆಯನಿಗೆ ಬೇರೆ ಗೆಳೆಯರೂ ಇದ್ದಾರೆ, ಅವರ ಪಕ್ಕದಲ್ಲಿ ನಾನು ಕೂರಬೇಕು ಎಂಬ ಅರಿವು ಅದರ ಸಂಭಾಷಣೆಯಲ್ಲಿ ಮುಂದಕ್ಕೆ ಬರುವುದಿಲ್ಲ. ಜಾತಿಯು ಆಳವಾಗಿ ಬೇರೂರಿದ ಈ ನಾಡಿನಲ್ಲಿ ಆ ಮೌನವು ಸಣ್ಣದಲ್ಲ. 1846ರಲ್ಲಿ ಕರುಮತ್ತಂಪಟ್ಟಿಯಲ್ಲಿ ಧರ್ಮಾಧ್ಯಕ್ಷ ದೀಕ್ಷೆಯನ್ನು ಪಡೆದು, 1850ರಿಂದ ಕೊಯಮತ್ತೂರಿನ ಮೊದಲ ಪ್ರೇಷಿತ ಪ್ರತಿನಿಧಿಯಾದ ಮೆಲ್ಕಿಯೋರ್ ದ ಮಾರಿಯೋನ್ ಬ್ರೆಸಿಲಾಕರನ್ನು ಕಾಡಿದ್ದು ಈ ಪ್ರಶ್ನೆಯೇ. ಅವರು ಯೇಸುಸಭೆಯವರಲ್ಲ, ಪ್ಯಾರಿಸ್ಸಿನ ವಿದೇಶ ಮಿಷನ್ನಿಗೆ ಸೇರಿದವರು. ಕ್ರೈಸ್ತರಾದವರ ನಡುವೆ ಯಾವ ಜಾತ್ಯಾಚಾರಗಳನ್ನು ಸಹಿಸಬಹುದು, ಯಾವುವನ್ನು ಸಹಿಸಲಾಗದು ಎಂಬುದಕ್ಕೆ ಆತ್ಮಸಾಕ್ಷಿಯನ್ನು ತೃಪ್ತಿಪಡಿಸುವ ಸಮಾಧಾನವು ದೊರೆಯದೆ, 1855ರಲ್ಲಿ ಅವರು ಪದವಿಯನ್ನು ಬಿಟ್ಟುಕೊಟ್ಟರು. ಮರುವರ್ಷ ಲಿಯೋನ್ ನಗರದಲ್ಲಿ ಆಫ್ರಿಕದ ಸೇವೆಗಾಗಿ ಸಂಘವೊಂದನ್ನು ಸ್ಥಾಪಿಸಿ, 1859ರ ಜೂನ್ 25ರಂದು ಫ್ರೀಟೌನಿನಲ್ಲಿ, ಅಲ್ಲಿಗೆ ಬಂದಿಳಿದ ಕೆಲವೇ ವಾರಗಳಲ್ಲಿ, ಜ್ವರಕ್ಕೆ ತುತ್ತಾದರು.

ಅವರ ರಾಜೀನಾಮೆಯನ್ನು ಸೋಲೆಂದು ಓದುವುದು ಸುಲಭ. ಕೊಯಮತ್ತೂರಿನ ಸಭೆಯ ಮಟ್ಟಿಗೆ ಅದು ನಷ್ಟವೂ ಹೌದು, ಏಕೆಂದರೆ ದೇಶೀಯ ಗುರುವರ್ಗವು ಬೆಳೆಯಬೇಕೆಂದು ಅಷ್ಟು ಕಳಕಳಿಯಿಂದ ದುಡಿದವರು ಆ ಕಾಲದಲ್ಲಿ ಬಹಳ ಮಂದಿ ಇರಲಿಲ್ಲ. ಆದರೂ ಯೊವಾನ್ನನು ಹೇಳಿದ ಸಖ್ಯವನ್ನು ಈ ಪ್ರದೇಶದ ಚರಿತ್ರೆಯಲ್ಲಿ ಹುಡುಕಹೊರಟಾಗ ನನಗೆ ಕಾಣುವ ಸ್ಪಷ್ಟವಾದ ಉದಾಹರಣೆ ಅದೇ: ತಮ್ಮ ಪದವಿಗಿಂತ ಒಡೆಯನ ಮನೋಗತವೇ ಅವರಿಗೆ ದೊಡ್ಡದಾಯಿತು. ಗ್ರಂಥದ ಮೂರನೆಯ ವಾರದಲ್ಲಿ ಸಾಧಕನು ತನಗಾಗಿ ಸುಖವನ್ನು ಬೇಡುವುದಿಲ್ಲ. ಯಾತನೆಗೊಳಗಾದ ಕ್ರಿಸ್ತನೊಡನೆ ತಾನೂ ಯಾತನೆಪಡುವ ಕೃಪೆಯನ್ನು ಬೇಡುತ್ತಾನೆ. ನಾಲ್ಕನೆಯ ವಾರದಲ್ಲಿ ಪುನರುತ್ಥಾನ ಹೊಂದಿದ ಕ್ರಿಸ್ತನು ಸಂತೈಸಲು ಬರುವುದನ್ನು, ಸ್ನೇಹಿತರು ಪರಸ್ಪರ ಸಂತೈಸುವ ರೀತಿಗೆ ಹೋಲಿಸಿ ಧ್ಯಾನಿಸಬೇಕೆಂದು ಗ್ರಂಥವು ಹೇಳುತ್ತದೆ. ಮೊದಲ ವಾರದ ಸಂಭಾಷಣೆಯಲ್ಲಿ ಸ್ನೇಹಿತನಂತೆ ಮಾತನಾಡಲು ಕಲಿತವನಿಗೆ ಸ್ನೇಹಿತನ ಸಾಂತ್ವನವು ದೊರೆಯುವುದು ಮೂರನೆಯ ವಾರವನ್ನು ಹಾಯ್ದ ಮೇಲೆಯೇ. ಈ ಕ್ರಮವನ್ನು ತಿರುವುಮುರುವಾಗಿಸಿ ಸಾಂತ್ವನದಿಂದಲೇ ಆರಂಭಿಸುವ ಪ್ರಾರ್ಥನೆಯನ್ನು ಕಲಿಸುವುದಾದರೆ, ಸುಂದರಮೂರ್ತಿಯ ಕಥೆಗಳನ್ನು ಕೇಳಿ ಬೆಳೆದ ಕೊಂಗುನಾಡಿನವರಿಗೆ ಕ್ರೈಸ್ತಧರ್ಮವು ತನ್ನಲ್ಲಿರುವುದಕ್ಕಿಂತ ಕಡಿಮೆಯಾದುದನ್ನೇ ಕೊಟ್ಟಂತಾಗುತ್ತದೆ.