ತಾನೇ ತೆರೆಯುವ ಬಾಗಿಲು

ಮುಂಗಾರು ಬಲಿತಾಗ ಭಾಗಮಂಡಲದ ಸಂಗಮ ಕೆಂಪು ನೀರಿನಲ್ಲಿ ಮುಳುಗುತ್ತದೆ. ತಲಕಾವೇರಿಯಿಂದ ಇಳಿದ ಕಾವೇರಿ, ಇರ್ಪು ಜಲಪಾತವನ್ನು ಹಾದುಬಂದ ಲಕ್ಷ್ಮಣತೀರ್ಥ, ಕೊಡಗಿನ ಈ ಎರಡೂ ಹೊಳೆಗಳು ಕೊನೆಗೆ ಸೇರುವುದು ಕನ್ನಂಬಾಡಿ ಕಟ್ಟೆಯ ಹಿನ್ನೀರನ್ನು. ಅಲ್ಲಿ ಅವನ್ನು ಎದುರುಗೊಳ್ಳುವುದು ಸರ್ ಎಂ. ವಿಶ್ವೇಶ್ವರಯ್ಯನವರ ಬುದ್ಧಿ.

ಅವರ ಸ್ವಯಂಚಾಲಿತ ತೂಬಿನ ಬಾಗಿಲನ್ನು ನೆನೆದಾಗಲೆಲ್ಲ ನನಗೆ ಪುಳಕ. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮೊದಲು ಅಳವಡಿಸಿದ್ದು. ಅದೇ ತತ್ವ ಕನ್ನಂಬಾಡಿಗೂ ಬಂತು. ನೀರು ತುಂಬುಮಟ್ಟ ಮೀರಿದೊಡನೆ ಹೆಚ್ಚಿನ ನೀರು ಪಕ್ಕದ ತೊಟ್ಟಿಗೆ ಇಳಿಯುತ್ತದೆ. ಅಲ್ಲಿ ಪ್ರತಿಭಾರದ ಸಮತೋಲ ತಕ್ಕಡಿಯಂತೆ ವಾಲುತ್ತದೆ, ಬಾಗಿಲು ತೆರೆಯುತ್ತದೆ. ಮಟ್ಟ ತಗ್ಗಿದರೆ ತಾನೇ ಮುಚ್ಚುತ್ತದೆ. ನಡುರಾತ್ರಿಯ ಪ್ರವಾಹದಲ್ಲೂ ವಿದ್ಯುತ್ತು ಬೇಡ, ಚಕ್ರ ತಿರುಗಿಸುವ ಕೈ ಬೇಡ. ಏರುವ ನೀರಿನ ಬಲವನ್ನೇ ಕಾವಲಿಗೆ ನಿಲ್ಲಿಸಿದ ಜಾಣ್ಮೆ!

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗಲೂ ಅವರೊಳಗಿನ ಎಂಜಿನಿಯರ್ ಮಲಗಲಿಲ್ಲ. 1917ರಲ್ಲಿ ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ಬಂತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅವರೇ ಬೆನ್ನೆಲುಬಾದರು. ತೊಂಬತ್ತು ದಾಟಿದ ಮೇಲೂ ಬಿಹಾರದ ಮೊಕಾಮಾದ ಗಂಗಾ ಸೇತುವೆಗೆ ಸಲಹೆ ಕೊಟ್ಟರು.

ಅಧಿಕಾರ ಸಿಕ್ಕವರು ಹಲವರು. ಸಿಕ್ಕ ಅಧಿಕಾರವನ್ನು ತಂತ್ರಜ್ಞಾನದ ಮೂಲಕ ರೈತನ ಗದ್ದೆಗೆ ಹರಿಸಿದವರು ವಿರಳ. ನಮ್ಮ ಮಳೆ ಮಂಡ್ಯದ ಭತ್ತವಾಗುವುದು ಅಂಥ ಒಬ್ಬರ ದೆಸೆಯಿಂದ ಎಂಬುದು ಕೊಡಗಿನವರಿಗೂ ಹೆಮ್ಮೆಯೇ.